ಪೊಲೀಸರಿಗೋ ಶಾಲೆಗೋ: ನ್ಯೂಯಾರ್ಕ್ ಬಜೆಟ್ ಬಗ್ಗೆ ವಾದಕ್ಕೆ ಇಳಿಯುವ ಮುಂಚೆ

ನ್ಯೂಯಾರ್ಕ್ ನಗರದ ಬಜೆಟ್ ಜೂನ್ 30ರೊಳಗೆ ಪಾಸಾಗಬೇಕು. ಮಾರ್ಚ್‌ನಲ್ಲಿ ಸಿಟಿ ಕೌನ್ಸಿಲ್ (ನಗರದ ಚುನಾಯಿತ ಸಭೆ) ಮುಂದೆ ಅದರ ವಿಚಾರಣೆಗಳು ಶುರು. ಸರಿಯಾಗಿ ಅದೇ ಹೊತ್ತಿಗೆ ಯುಗಾದಿಯೂ ಬರುತ್ತದೆ. ಹಾಗಾಗಿ ನಮ್ಮ ಕ್ವೀನ್ಸ್ ಕಡೆ ಹಬ್ಬದೂಟಕ್ಕೆ ನಾಲ್ಕು ಮನೆಯವರು ಸೇರಿದರೆ ಈ ಜಗಳ ಗ್ಯಾರಂಟಿ. "ಪೊಲೀಸರಿಗೆ ಇಷ್ಟೊಂದು ದುಡ್ಡು ಯಾಕೆ, ಶಾಲೆಗೆ ಕೊಡಬಾರದಾ?" ಅಂತ ಒಬ್ಬರು. "ರಾತ್ರಿ ಹನ್ನೊಂದಕ್ಕೆ ಸಬ್‌ವೇಯಲ್ಲಿ ಒಬ್ಬರೇ ಬಂದು ನೋಡಿ, ಆಮೇಲೆ ಮಾತಾಡಿ" ಅಂತ ಇನ್ನೊಬ್ಬರು. ಹೋಳಿಗೆ ಖಾಲಿಯಾಗುತ್ತದೆ, ಜಗಳ ಮುಗಿಯುವುದಿಲ್ಲ.

ನಾನು ಲೆಕ್ಕಪತ್ರದ ಕೆಲಸದವಳು. ಮಗಳ ಶಾಲೆಯ ಪೋಷಕರ ಸಂಘಕ್ಕೆ ಖಜಾಂಚಿಯಾಗಿದ್ದೆ. ಆಮೇಲೆ ಸ್ಕೂಲ್ ಲೀಡರ್‌ಶಿಪ್ ಟೀಮ್‌ನಲ್ಲಿ, ಅಂದರೆ ಪೋಷಕರೂ ಸಿಬ್ಬಂದಿಯೂ ಸೇರಿದ ಶಾಲೆಯ ಸಮಿತಿಯಲ್ಲಿ ಕೂತೆ. ಸಿಟಿ ಕೌನ್ಸಿಲ್ ಮುಂದೆಯೂ ಮಾತಾಡಿದ್ದೇನೆ. ನಾನು ಶಾಲೆ ಕಡೆಯವಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ "ಪೊಲೀಸಾ, ಶಾಲೆಯಾ" ಅಂತ ಕೇಳಿಕೊಂಡು ಹೋದವರು ಗೆದ್ದದ್ದನ್ನು ನಾನು ಕಂಡಿಲ್ಲ. ಬಜೆಟ್ಟಿನ ಒಂದು ಸಾಲು ಹಿಡಿದು ಕೇಳಿದವರಿಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ಆ ಸಾಲು ಹುಡುಕುವುದು ಹೇಗೆ, ಹಿಡಿದ ಮೇಲೆ ಮಾಡುವುದೇನು, ಇಷ್ಟೇ ಇಲ್ಲಿರುವುದು.

ಎರಡೂ ಒಂದೇ ಗಂಟಿನಲ್ಲಿವೆಯಾ?

ಇದನ್ನು ಮೊದಲು ನೋಡಿ. ಬೆಂಗಳೂರಿನಿಂದ ಬಂದವರಿಗೆ ನಗರದ ಬಜೆಟ್ ಅಂದರೆ ರಸ್ತೆ, ಚರಂಡಿ, ಕಸ. ಅಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ಸರ್ಕಾರಿ ಶಾಲೆಗಳೂ ಬಹುಪಾಲು ರಾಜ್ಯದ ಶಿಕ್ಷಣ ಇಲಾಖೆಯವು, ಪಾಲಿಕೆಯದ್ದು ಅಂತ ಇರುವುದು ಕೆಲವೇ. ಕಾರ್ಪೊರೇಟರ್ ಹತ್ತಿರ ಹೋಗಿ "ಪೊಲೀಸರ ದುಡ್ಡು ಶಾಲೆಗೆ ಕೊಡಿ" ಅಂದರೆ ಅವರು ನಗುತ್ತಾರೆ, ಅಷ್ಟೇ.

ನ್ಯೂಯಾರ್ಕ್‌ನಲ್ಲಿ ಹಾಗಲ್ಲ. ಪೊಲೀಸ್ ಇಲಾಖೆಯೂ ನಗರದ್ದು, 2002ರಿಂದ ಶಾಲೆಗಳ ಆಡಳಿತವೂ ಮೇಯರ್ ಕೈಯಲ್ಲಿದೆ. ಎರಡೂ ಒಂದೇ ಬಜೆಟ್ಟಿಗೆ ಬರುತ್ತವೆ. ಆದ್ದರಿಂದ ಇಲ್ಲಿ ಈ ವಾದಕ್ಕೆ ಅರ್ಥ ಇದೆ.

ಅಮೆರಿಕದ ಎಲ್ಲ ಊರಲ್ಲೂ ಇದು ನಡೆಯುವುದಿಲ್ಲ. ಸ್ಯಾನ್ ಹೋಸೆ, ಲಾಸ್ ಏಂಜಲೀಸ್, ಸಿಯಾಟಲ್, ಆಸ್ಟಿನ್, ಈ ಊರುಗಳಲ್ಲಿ ಶಾಲಾ ಡಿಸ್ಟ್ರಿಕ್ಟ್ ಬೇರೆ, ಅದರ ಬೋರ್ಡ್ ಬೇರೆ, ದುಡ್ಡೂ ಬೇರೆ. ಅಲ್ಲಿ ಸಿಟಿ ಕೌನ್ಸಿಲ್‌ಗೆ ಹೋಗಿ ಟೀಚರ್ ಸಂಬಳದ ಮಾತೆತ್ತಿದರೆ ತಪ್ಪು ಬಾಗಿಲು ತಟ್ಟಿದ ಹಾಗೆ. ಲೈಬ್ರರಿ, ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮ, ಪಾರ್ಕು ಅಂಥದ್ದು ಮಾತ್ರ ಕೇಳಬಹುದು. ನ್ಯೂಜೆರ್ಸಿಯವರಿಗೆ ಇನ್ನೂ ಸುಲಭ: ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಕೌಂಟಿಗೆಷ್ಟು, ಟೌನಿಗೆಷ್ಟು, ಶಾಲೆಗೆಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ಟೆಕ್ಸಸ್‌ನಲ್ಲಿ ಇನ್ನೊಂದು ತೊಡಕು. 2020ರಲ್ಲಿ ಆಸ್ಟಿನ್ ನಗರ ಪೊಲೀಸ್ ಬಜೆಟ್ ಕಡಿತ ಮಾಡಿತು. ಮರುವರ್ಷವೇ ರಾಜ್ಯದವರು ಕಾನೂನು ತಂದು, ಪೊಲೀಸ್ ಬಜೆಟ್ ಇಳಿಸಿದ ದೊಡ್ಡ ನಗರಗಳಿಗೆ ದಂಡದಂಥ ಕ್ರಮ ಇಟ್ಟರು.

ಯಾವ ಅಂಕಿ ಹೇಳುತ್ತಿದ್ದೀರಿ?

ನಗರದ ಒಟ್ಟು ಬಜೆಟ್ 2025ರ ಹಣಕಾಸು ವರ್ಷಕ್ಕೆ 112.4 ಬಿಲಿಯನ್ ಡಾಲರ್ ಇತ್ತು. ಮುಂದಿನ ವರ್ಷ 115.9 ಬಿಲಿಯನ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ ಒಂದು ಬಿಲಿಯನ್ ಅಂದರೆ 100 ಕೋಟಿ, ಒಂದು ಮಿಲಿಯನ್ ಅಂದರೆ 10 ಲಕ್ಷ.

ಇದರಲ್ಲಿ ಪೊಲೀಸರಿಗೆ ಎಷ್ಟು ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಬ್ಬರು ಸುಮಾರು 6 ಬಿಲಿಯನ್ ಅನ್ನುತ್ತಾರೆ. ಇನ್ನೊಬ್ಬರು 11ರ ಆಸುಪಾಸು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯದು ಇಲಾಖೆಯ ನೇರ ಖರ್ಚು. ಎರಡನೆಯದಕ್ಕೆ ಪೆನ್ಷನ್, ಆರೋಗ್ಯ ವಿಮೆ, ಸಾಲದ ಕಂತು ಎಲ್ಲ ಸೇರಿದೆ. ಅವು ಇಲಾಖೆಯ ಪುಟದಲ್ಲಿ ಇರುವುದಿಲ್ಲ, ನಗರದ ಬೇರೆ ಖಾತೆಯಲ್ಲಿ ಕೂತಿರುತ್ತವೆ. ಶಾಲೆಗೂ ಇದೇ ಕಥೆ: ಇಲಾಖೆಯ ಲೆಕ್ಕ 30 ಬಿಲಿಯನ್ ದಾಟುತ್ತದೆ, ಎಲ್ಲ ಸೇರಿಸಿದರೆ 40ರ ಹತ್ತಿರ ಹೋಗುತ್ತದೆ.

ಜನ ಮಾಡುವ ಚಾಲಾಕಿ ಎಂದರೆ ತಾವು ಕಡಿತ ಕೇಳುವ ಕಡೆ ದೊಡ್ಡ ಅಂಕಿ, ಜಾಸ್ತಿ ಕೇಳುವ ಕಡೆ ಸಣ್ಣ ಅಂಕಿ ಇಡುವುದು. ನಮ್ಮ ಶಾಲೆ ಕಡೆಯವರೂ ಮಾಡುತ್ತಾರೆ, ಸುಮ್ನೆ ಯಾಕೆ ಮುಚ್ಚಿಡಲಿ. ಪೆನ್ಷನ್ ಸೇರಿಸುವುದಾದರೆ ಎರಡೂ ಕಡೆ ಸೇರಿಸಿ, ಬಿಡುವುದಾದರೆ ಎರಡೂ ಕಡೆ ಬಿಡಿ.

ಈ ಅಂಕಿ ಇಟ್ಟ ಕೂಡಲೇ ಎದುರಿನವರು ಕೇಳುತ್ತಾರೆ: "ಶಾಲೆಗೆ ಆಗಲೇ ಪೊಲೀಸರ ನಾಲ್ಕು ಪಟ್ಟು ಹೋಗುತ್ತಿದೆಯಲ್ಲ, ಇನ್ನೇನು?" ಒಳ್ಳೆಯ ಪ್ರಶ್ನೆ. ಉತ್ತರ ಸಿದ್ಧ ಇರಲಿ. ಶಾಲೆಯ ದುಡ್ಡಿನಲ್ಲಿ ನಗರದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಲ್ಬನಿಯಿಂದ, ಅಂದರೆ ರಾಜ್ಯದಿಂದ ಬರುತ್ತದೆ. ಉಳಿದದ್ದು ಮುಖ್ಯವಾಗಿ ಕೇಂದ್ರದ್ದು. ಪೊಲೀಸ್ ಖರ್ಚು ಬಹುಪಾಲು ನಗರದ ಸ್ವಂತ ತೆರಿಗೆಯದ್ದು. ಆದ್ದರಿಂದ ಹೋಲಿಸಬೇಕಾದದ್ದು ನಗರದ ತೆರಿಗೆ ದುಡ್ಡು ಎಲ್ಲೆಲ್ಲಿ ಎಷ್ಟು ಹೋಯಿತು ಅನ್ನುವುದನ್ನು. ಆಮೇಲೆ 2022ರ ಕಾನೂನು ನೆನಪಿಸಿ. ಮೂರನೇ ಕ್ಲಾಸಿನವರೆಗೆ ಒಂದು ತರಗತಿಗೆ 20 ಮಕ್ಕಳು, ಎಂಟರವರೆಗೆ 23, ಹೈಸ್ಕೂಲಿನಲ್ಲಿ 25, ಇದಕ್ಕಿಂತ ಜಾಸ್ತಿ ಕೂರಿಸುವಂತಿಲ್ಲ ಎಂದು ರಾಜ್ಯ ಹೇಳಿದೆ, ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಆಜ್ಞೆ ಆಲ್ಬನಿಯದು, ಬಿಲ್ ನಮ್ಮದು.

ಇದೆಲ್ಲ ಎಲ್ಲಿ ಸಿಗುತ್ತದೆ? ಇಡೀ ಬಜೆಟ್ ಪುಸ್ತಕ ತೆರೆಯಬೇಡಿ, ತಲೆ ಕೆಡುತ್ತದೆ. ಮಾರ್ಚ್ ವಿಚಾರಣೆಗೆ ಮುಂಚೆ ಕೌನ್ಸಿಲ್‌ನ ಹಣಕಾಸು ವಿಭಾಗ ಒಂದೊಂದು ಇಲಾಖೆಗೂ ಒಂದು ವರದಿ ಹಾಕುತ್ತದೆ. ಅದನ್ನು ಓದಿ. ಜೊತೆಗೆ ಇಂಡಿಪೆಂಡೆಂಟ್ ಬಜೆಟ್ ಆಫೀಸ್‌ನ ಟಿಪ್ಪಣಿಗಳು. ಅವರು ಮೇಯರ್ ಪರವೂ ಅಲ್ಲ, ಕೌನ್ಸಿಲ್ ಪರವೂ ಅಲ್ಲ. ಭಾಷೆಯೂ ಸರಳ.

ಹೆಸರು ನೋಡಬೇಡಿ, ಸಂಬಳ ಯಾರ ಖಾತೆಯಿಂದ ನೋಡಿ

ಬೆಳಿಗ್ಗೆ ಶಾಲೆ ಹತ್ತಿರದ ಕ್ರಾಸಿಂಗ್‌ನಲ್ಲಿ ಕೈಯಲ್ಲಿ ಸ್ಟಾಪ್ ಬೋರ್ಡು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಅಮ್ಮ ಯಾವ ಇಲಾಖೆಯವರು? ಪೊಲೀಸ್ ಇಲಾಖೆಯವರು. ಚಳಿಯಲ್ಲಿ, ಮಳೆಯಲ್ಲಿ ನಿಂತು ನಮ್ಮ ಬೀದಿಯ ಅಷ್ಟೂ ಮಕ್ಕಳ ಹೆಸರು ನೆನಪಿಟ್ಟುಕೊಂಡಿರುವ ಆ ಹೆಂಗಸಿನ ಪಾರ್ಟ್‌ಟೈಮ್ ಸಂಬಳ "ಪೊಲೀಸ್ ಬಜೆಟ್" ಅನ್ನುವುದರೊಳಗೆ ಬರುತ್ತದೆ.

ಶಾಲೆಯ ಬಾಗಿಲಲ್ಲಿ ಕೂತು ಐಡಿ ನೋಡುವ ಸ್ಕೂಲ್ ಸೇಫ್ಟಿ ಏಜೆಂಟರದ್ದು ಇನ್ನೂ ಸ್ವಾರಸ್ಯ. 1998ರವರೆಗೆ ಅವರು ಶಿಕ್ಷಣ ಮಂಡಳಿಯ ನೌಕರರು. ಆ ವರ್ಷ ಪೊಲೀಸ್ ಇಲಾಖೆಗೆ ಹೋದರು. ಬಂದೂಕು ಇಲ್ಲ, ಸಮವಸ್ತ್ರ ಇದೆ. ಸಂಬಳ ಕೊಡುವುದು ಪೊಲೀಸ್ ಇಲಾಖೆ, ಆದರೆ ಅದರ ಬಹುಪಾಲು ದುಡ್ಡು ಶಿಕ್ಷಣ ಇಲಾಖೆಯಿಂದ ಪೊಲೀಸರಿಗೆ ವರ್ಗವಾಗುತ್ತದೆ. ಈಗ ಹೇಳಿ, ಇದು ಪೊಲೀಸ್ ಖರ್ಚಾ, ಶಾಲೆ ಖರ್ಚಾ?

ಈ ಗೊಂದಲ ಎಷ್ಟು ದೊಡ್ಡದು ಅಂತ 2020ರಲ್ಲಿ ಗೊತ್ತಾಯಿತು. ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಜೂನ್‌ನಲ್ಲಿ ಸಿಟಿ ಹಾಲ್ ಹೊರಗೆ ಜನ ಟೆಂಟ್ ಹಾಕಿ ಕೂತಿದ್ದರು. ಪೊಲೀಸ್ ಬಜೆಟ್ಟಿನಿಂದ 1 ಬಿಲಿಯನ್ ತೆಗೆಯಿರಿ ಎನ್ನುವುದು ಬೇಡಿಕೆ. ಮೇಯರ್ ಬಿಲ್ ಡಿ ಬ್ಲಾಸಿಯೊ ಮತ್ತು ಕೌನ್ಸಿಲ್ ಸೇರಿ ಸುಮಾರು 88 ಬಿಲಿಯನ್ ಬಜೆಟ್ ಪಾಸು ಮಾಡಿ, 1 ಬಿಲಿಯನ್ ಸರಿಸಿದ್ದೇವೆ ಎಂದರು. ಬಿಡಿಸಿ ನೋಡಿದರೆ ಅದರಲ್ಲಿ ಒಂದು ದೊಡ್ಡ ತುಂಡು ಸ್ಕೂಲ್ ಸೇಫ್ಟಿಯನ್ನು ಪೊಲೀಸರಿಂದ ಶಿಕ್ಷಣ ಇಲಾಖೆಗೆ ಮರಳಿಸುವ ಮಾತು. ಅಂದರೆ ಅದೇ ಜನ, ಅದೇ ಬಾಗಿಲು, ಖಾತೆ ಮಾತ್ರ ಬೇರೆ. ಕೊನೆಗೆ ಆ ವರ್ಗಾವಣೆಯೂ ಆಗಲಿಲ್ಲ. ಇನ್ನೊಂದು ತುಂಡು ಓವರ್‌ಟೈಮ್ ಕಡಿತ. ಹಾಳೆಯ ಮೇಲೆ ಇಳಿಸಿದರು, ಖರ್ಚು ಅದನ್ನು ದಾಟಿ ಹೋಯಿತು.

ಆದ್ದರಿಂದ ಯಾರಾದರೂ "ಇಷ್ಟು ಕಡಿತ ಮಾಡಿದ್ದೇವೆ" ಅಥವಾ "ಇಷ್ಟು ಜಾಸ್ತಿ ಕೊಟ್ಟಿದ್ದೇವೆ" ಅಂದ ತಕ್ಷಣ ಒಂದೇ ಕೇಳಿ: ನಾಳೆ ಬೆಳಿಗ್ಗೆ ಯಾವ ಕೆಲಸ ನಿಲ್ಲುತ್ತದೆ, ಯಾವ ಕೆಲಸ ಹೊಸದಾಗಿ ಶುರುವಾಗುತ್ತದೆ? ಎರಡಕ್ಕೂ ಉತ್ತರ "ಏನಿಲ್ಲ" ಆದರೆ ದುಡ್ಡು ಅಲುಗಾಡಿಲ್ಲ ಅಂತ ಅರ್ಥ.

"ಎಲ್ಲಿಂದ ತರೋದು?"

ಈ ಪ್ರಶ್ನೆ ಬಂದೇ ಬರುತ್ತದೆ. 1975ರಲ್ಲಿ ದಿವಾಳಿ ಅಂಚಿಗೆ ಹೋದ ಮೇಲೆ ನಗರ ಪ್ರತಿ ವರ್ಷ ಆದಾಯ ಖರ್ಚು ಸರಿದೂಗಿಸಲೇಬೇಕು ಎಂದು ಕಾನೂನೇ ಇದೆ. ಹಾಗಾಗಿ ಬರೀ "ಕೊಡಿ" ಅಂದರೆ ಸಾಲದು.

ಎಲ್ಲರೂ ಓವರ್‌ಟೈಮ್ ಕಡೆ ಬೆರಳು ತೋರಿಸುತ್ತಾರೆ. 2024ರ ಹಣಕಾಸು ವರ್ಷದಲ್ಲಿ ಪೊಲೀಸ್ ಓವರ್‌ಟೈಮ್ 1 ಬಿಲಿಯನ್ ದಾಟಿತು, ನಿಜ. ಆದರೆ ಬಜೆಟ್ಟಿನಲ್ಲಿ ಅದನ್ನು ಮೊದಲೇ ಕಡಿಮೆ ಬರೆದಿರುತ್ತಾರೆ. ಕಡಿಮೆ ಬರೆದದ್ದನ್ನು ಇನ್ನೂ ಕಡಿಮೆ ಮಾಡಿದರೆ ನಿಮ್ಮ ಶಾಲೆಯ ಕೌನ್ಸೆಲರ್‌ಗೆ (ಮಕ್ಕಳ ಕಷ್ಟ ಕೇಳಿ ಸಲಹೆ ಕೊಡುವವರಿಗೆ) ಕೊಡಲು ಕೈಗೆ ಕಾಸು ಬರುವುದಿಲ್ಲ. ಓವರ್‌ಟೈಮ್ ಬಗ್ಗೆ ಕೇಳಬೇಕಾದದ್ದು ಬೇರೆ: ಮಿತಿ ದಾಟಿದಾಗ ತಿಂಗಳು ತಿಂಗಳು ಯಾರಿಗೆ ಲೆಕ್ಕ ಒಪ್ಪಿಸುತ್ತೀರಿ?

ನನಗೆ ಖಾಲಿ ಹುದ್ದೆಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ. ದುಡ್ಡು ಇಟ್ಟಿರುತ್ತಾರೆ, ಜನ ಸೇರಿರುವುದಿಲ್ಲ. ಸ್ಕೂಲ್ ಸೇಫ್ಟಿ ಏಜೆಂಟರು 2020ರ ಹೊತ್ತಿಗೆ ಸುಮಾರು 5,000 ಇದ್ದರು, ಆಮೇಲೆ 4,000ಕ್ಕಿಂತ ಕೆಳಗೆ ಇಳಿದರು. ವರ್ಷಗಟ್ಟಲೆ ತುಂಬದ ಹುದ್ದೆಯ ದುಡ್ಡು ಏನಾಯಿತು ಎಂದು ಕೇಳುವುದಕ್ಕೆ ಯಾರೂ ಬೇಡ ಅನ್ನುವಂತಿಲ್ಲ. ಆದರೆ ಒಂದು ಎಚ್ಚರ. "ಆ ಹುದ್ದೆ ತುಂಬಿ, ಬಾಗಿಲಲ್ಲಿ ಜನ ಬೇಕು" ಅನ್ನುವ ಪೋಷಕರೂ ಅದೇ ಸಭೆಯಲ್ಲಿ ಇರುತ್ತಾರೆ. ಅವರ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದುವವರು.

ಬರುವ ದುಡ್ಡು ಎಷ್ಟು ವರ್ಷದ್ದು ಅನ್ನುವುದನ್ನೂ ನೋಡಿ. ಕೋವಿಡ್ ಕಾಲದಲ್ಲಿ ಕೇಂದ್ರದಿಂದ ಇಲ್ಲಿನ ಶಾಲೆಗಳಿಗೆ 7 ಬಿಲಿಯನ್‌ಗಿಂತ ಜಾಸ್ತಿ ಬಂತು. ಆ ದುಡ್ಡಲ್ಲಿ ಸೋಷಿಯಲ್ ವರ್ಕರ್‌ಗಳನ್ನು, ಪುಟ್ಟ ಮಕ್ಕಳ ತರಗತಿಗಳನ್ನು ನಡೆಸಿದರು. 2024ರ ಸೆಪ್ಟೆಂಬರ್‌ಗೆ ಅದು ಮುಗಿಯಿತು. ಕಾಯಂ ಕೆಲಸಕ್ಕೆ ಒಂದು ಸಲದ ದುಡ್ಡು ಹಾಕಿದರೆ ಮುಂದಿನ ಯುಗಾದಿಗೂ ಅದೇ ಜಗಳ.

ಭಾವನ ಜೊತೆ ಅಭ್ಯಾಸ ಮಾಡಿ

ನನ್ನ ಭಾವ ಅಂಗಡಿ ಇಟ್ಟವರು. ಪೊಲೀಸರು ಜಾಸ್ತಿ ಬೇಕು ಅನ್ನುವವರು. ಪ್ರತಿ ಸಲ ಕೌನ್ಸಿಲ್‌ಗೆ ಹೋಗುವ ಮುಂಚೆ ನಾನು ಅವರ ಮುಂದೆ ಮಾತಾಡಿ ನೋಡುತ್ತೇನೆ.

"ಭಾವ, ನಮ್ಮ ಶಾಲೆಗೆ ಇನ್ನೊಬ್ಬ ಕೌನ್ಸೆಲರ್ ಬೇಕು."

"ಬೇಕಮ್ಮ, ಯಾರು ಬೇಡ ಅಂದರು? ಅಂಗಡಿಗೆ ನುಗ್ಗಿ ಮಾಲು ಎತ್ತಿಕೊಂಡು ಹೋದಾಗ ಕೌನ್ಸೆಲರ್‌ಗೆ ಫೋನ್ ಮಾಡಲಾ?"

ಇದಕ್ಕೆ "ಶಿಕ್ಷಣ ಸಿಕ್ಕರೆ ಅಪರಾಧ ಕಡಿಮೆ ಆಗುತ್ತದೆ" ಅಂತ ಉತ್ತರ ಕೊಡಬೇಡಿ. ಹತ್ತು ವರ್ಷದ ಮೇಲಿನ ಮಾತು ಅದು, ಅವರಿಗೆ ಬೇಕಾಗಿರುವುದು ಇವತ್ತು ರಾತ್ರಿಯದು. "ನೀವು 911ಗೆ ಫೋನ್ ಮಾಡಿದಾಗ ಎಷ್ಟು ಹೊತ್ತಿಗೆ ಬಂದರು?" ಅಂತ ಕೇಳಿ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ. ಪೊಲೀಸರು ಎಷ್ಟು ಬೇಗ ತಲುಪುತ್ತಾರೆ ಅನ್ನುವುದು ಪ್ರತಿ ಸೆಪ್ಟೆಂಬರ್ ಬರುವ ಮೇಯರ್ಸ್ ಮ್ಯಾನೇಜ್‌ಮೆಂಟ್ ರಿಪೋರ್ಟ್‌ನಲ್ಲಿ ಇರುತ್ತದೆ. ಹಿಂದಿನ ವರ್ಷಗಳ ಅಂಕಿಯೂ ಪಕ್ಕದಲ್ಲೇ ಇರುತ್ತದೆ. ಭಾವನಿಗೆ ಅದನ್ನು ತೋರಿಸಿದೆ. ಈಗ ಅವರು "ಪೊಲೀಸರಿಗೆ ಜಾಸ್ತಿ ಕೊಡಿ" ಅನ್ನುವುದನ್ನು ಬಿಟ್ಟು "ಕೊಟ್ಟ ದುಡ್ಡಿಗೆ ನನ್ನ ಬೀದಿಗೆ ಬೇಗ ಯಾಕೆ ಬರಲ್ಲ?" ಅನ್ನುತ್ತಾರೆ. ಶಾಲೆ ಕಡೆ ಬಂದಿಲ್ಲ, ಬರುವುದೂ ಇಲ್ಲ. ಆದರೆ ಅವರ ಪ್ರಶ್ನೆಯೂ ನನ್ನ ಪ್ರಶ್ನೆಯೂ ಈಗ ಒಂದೇ ಹಾಳೆಯಲ್ಲಿ ಬರೆಯಬಹುದು.

ಭಾವನಂಥವರ ಭಯಕ್ಕೆ ಇಲ್ಲಿ ಇತಿಹಾಸ ಇದೆ, ಅದನ್ನೂ ತಿಳಿದಿರಿ. 1975ರ ಜುಲೈ 1ರಂದು ನಗರ ಒಂದೇ ದಿನ ಸುಮಾರು 5,000 ಪೊಲೀಸರನ್ನು ಮನೆಗೆ ಕಳಿಸಿತು. ಅದಕ್ಕೆ ಮುಂಚೆ ಪೊಲೀಸ್ ಯೂನಿಯನ್‌ನವರು ತಲೆಬುರುಡೆ ಚಿತ್ರದ ಕರಪತ್ರ ಹಂಚಿ, ಈ ಊರಿಗೆ ಬರಬೇಡಿ ಎಂದು ಪ್ರವಾಸಿಗಳನ್ನು ಹೆದರಿಸಿದ್ದರು. ಆ ವರ್ಷ ಟೀಚರ್‌ಗಳ ಕೆಲಸವೂ ಸಾವಿರಗಟ್ಟಲೆ ಹೋಯಿತು. ಅಕ್ಟೋಬರ್‌ನಲ್ಲಿ ದಿವಾಳಿಗೆ ಇನ್ನೇನು ಕೆಲವು ಗಂಟೆ ಇದೆ ಅನ್ನುವಾಗ ಸಾಲಪತ್ರ ಕೊಂಡು ನಗರವನ್ನು ಉಳಿಸಿದ್ದು ಟೀಚರ್‌ಗಳ ಪೆನ್ಷನ್ ನಿಧಿ. ಪೊಲೀಸರಿಂದ ಕಿತ್ತದ್ದು ಶಾಲೆಗೆ ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಎರಡು ನಿಮಿಷ

ಕೌನ್ಸಿಲ್ ವಿಚಾರಣೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಓಟು ಇಲ್ಲದವರೂ, ಎಚ್-1ಬಿಯವರೂ. ಹೆಸರು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ. ಜೂಮ್‌ನಲ್ಲೂ ಮಾತಾಡಬಹುದು, ಆದರೆ ಹೋಗುವುದೇ ವಾಸಿ.

ಬೆಳಿಗ್ಗೆ ಹತ್ತಕ್ಕೆ ಅಂತ ಹಾಕಿರುತ್ತಾರೆ. ಮೊದಲು ಪೊಲೀಸ್ ಕಮಿಷನರ್ ಅಥವಾ ಶಾಲೆಗಳ ಮುಖ್ಯಸ್ಥರಾದ ಚಾನ್ಸಲರ್, ಅವರ ಹಿಂದೆ ಫೈಲ್ ಹಿಡಿದ ಅಧಿಕಾರಿಗಳ ಸಾಲು. ಸದಸ್ಯರ ಪ್ರಶ್ನೆಗಳು ಗಂಟೆಗಟ್ಟಲೆ ನಡೆಯುತ್ತವೆ. ಟಿವಿಯವರು ಅವರ ಜೊತೆಯೇ ಎದ್ದು ಹೋಗುತ್ತಾರೆ, ಅರ್ಧ ಸದಸ್ಯರೂ ಹೋಗುತ್ತಾರೆ. ಸಾರ್ವಜನಿಕರ ಸರದಿ ಮಧ್ಯಾಹ್ನ ಕಳೆದ ಮೇಲೆ. ಚಿತ್ರಾನ್ನದ ಡಬ್ಬಿ ತಗೊಂಡು ಹೋಗಿ, ಆದರೆ ತಿನ್ನುವುದು ಹೊರಗೆ. ಸಭೆಯಲ್ಲಿ ಚಪ್ಪಾಳೆ ಹೊಡೆಯುವ ಹಾಗಿಲ್ಲ. ಮೆಚ್ಚಿದರೆ ಎರಡೂ ಕೈ ಎತ್ತಿ ಬೆರಳು ಅಲ್ಲಾಡಿಸಬೇಕು. ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ, ಆಮೇಲೆ ನೀವೂ ಅಲ್ಲಾಡಿಸುತ್ತೀರಿ.

ನಿಮ್ಮ ಪಾಲಿಗೆ ಎರಡು ನಿಮಿಷ. ಗಡಿಯಾರ ಎದುರಿಗೇ ಓಡುತ್ತಿರುತ್ತದೆ. ಕೌನ್ಸಿಲ್‌ಗೆ ಧನ್ಯವಾದ, ನಾನು ಎಷ್ಟು ವರ್ಷದಿಂದ ಇಲ್ಲಿದ್ದೇನೆ ಇವೆಲ್ಲಕ್ಕೆ ಅರ್ಧ ನಿಮಿಷ ಹೋಗಿಬಿಡುತ್ತದೆ. ನಾನು ಬರೆದುಕೊಂಡು ಹೋಗುವುದು ಹೆಚ್ಚುಕಡಿಮೆ ಹೀಗೆ:

"ನಮ್ಮ ಶಾಲೆಯಲ್ಲಿ ಏಳುನೂರು ಮಕ್ಕಳಿಗೆ ಒಬ್ಬರೇ ಕೌನ್ಸೆಲರ್. ಅವರು ಮಂಗಳವಾರ ರಜೆ ಹಾಕಿದರೆ ಮಂಗಳವಾರ ಅಳುವ ಮಗು ಆಫೀಸಿನ ಬೆಂಚಿನ ಮೇಲೆ ಕೂರುತ್ತದೆ. ಇನ್ನೊಬ್ಬರಿಗೆ ಪ್ರಿನ್ಸಿಪಾಲರ ಬಜೆಟ್ಟಿನಲ್ಲಿ ಜಾಗ ಇಲ್ಲ, ಯಾಕೆಂದರೆ ಮಕ್ಕಳ ಸಂಖ್ಯೆ ಇಳಿಯಿತೆಂದು ಈ ವರ್ಷ ಹಣ ಇಳಿದಿದೆ. ತುಂಬದೇ ಉಳಿದ ಹುದ್ದೆಗಳ ಹಣದಲ್ಲಿ ಒಂದು ಪಾಲನ್ನು ಕೌನ್ಸೆಲರ್‌ಗಳಿಗೆ ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ನನ್ನ ಪ್ರಶ್ನೆ: ಹೋದ ವರ್ಷ ಎಷ್ಟು ಹುದ್ದೆ ಖಾಲಿ ಇದ್ದವು, ಆ ಹಣ ಎಲ್ಲಿ ಹೋಯಿತು?"

ಒಂದು ದೃಶ್ಯ, ಒಂದು ಕಾರಣ, ಒಂದು ಬೇಡಿಕೆ, ಒಂದು ಪ್ರಶ್ನೆ. ಪೊಲೀಸರ ಬಗ್ಗೆ ಬೈಗುಳ ಇಲ್ಲ. ಪ್ರಶ್ನೆ ಮುಖ್ಯ, ಯಾಕೆಂದರೆ ಸದಸ್ಯರು ಅದನ್ನೇ ಎತ್ತಿಕೊಂಡು ಇಲಾಖೆಗೆ ಪತ್ರ ಬರೆಯಬಹುದು. ಹೇಳಲಾಗದ್ದನ್ನೆಲ್ಲ ಬರವಣಿಗೆಯಲ್ಲಿ ಕೊಡಿ. ವಿಚಾರಣೆ ಮುಗಿದು 72 ಗಂಟೆಯವರೆಗೆ ಕಳಿಸಬಹುದು. ಇಂಗ್ಲಿಷಿನಲ್ಲಿ ಮಾತಾಡಲು ಮುಜುಗರವಾದರೆ ಮುಂಚಿತವಾಗಿ ದುಭಾಷಿ ಬೇಕು ಅಂತ ಕೇಳಬಹುದು.

ಶಾಲೆಯ ಅಂಕಿ ಎಲ್ಲಿಂದ? ಪ್ರತಿ ಶಾಲೆಯ ಬಜೆಟ್ಟೂ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಇದೆ. ಗ್ಯಾಲಕ್ಸಿ ಅಂತ ಅದರ ಹೆಸರು. ಅರ್ಥವಾಗದಿದ್ದರೆ ಸ್ಕೂಲ್ ಲೀಡರ್‌ಶಿಪ್ ಟೀಮ್‌ನ ಸಭೆಗೆ ಹೋಗಿ ಪ್ರಿನ್ಸಿಪಾಲರನ್ನೇ ಕೇಳಿ. ಅಲ್ಲಿ ಪೋಷಕರೂ ಸಿಬ್ಬಂದಿಯೂ ಸಮಸಮ ಇರುತ್ತಾರೆ. ಸಭೆಗೆ ಜನವೇ ಬರುವುದಿಲ್ಲ, ಒಬ್ಬರು ಬಂದರೂ ಅವರಿಗೆ ಖುಷಿ.

ಓಟು ಬಿದ್ದ ಮೇಲೆ

2022ರ ಜೂನ್‌ನಲ್ಲಿ ಕೌನ್ಸಿಲ್‌ನ 51 ಜನರಲ್ಲಿ 44 ಜನ ಬಜೆಟ್ಟಿಗೆ ಒಪ್ಪಿಗೆ ಕೊಟ್ಟರು. ಮಕ್ಕಳ ಸಂಖ್ಯೆ ಇಳಿದಿದೆ ಎಂದು ಶಾಲೆಗಳ ಹಣ ಅದರಲ್ಲಿ ಇಳಿದಿತ್ತು. ಮೇಯರ್ ಕಡೆಯವರು 215 ಮಿಲಿಯನ್ ಅಂದರು. ನಗರದ ಲೆಕ್ಕ ತಪಾಸಣೆ ನೋಡುವ ಕಂಪ್ಟ್ರೋಲರ್ ಕಚೇರಿ ಅದಕ್ಕಿಂತ ಬಹಳ ಜಾಸ್ತಿ ಅಂದಿತು. ಪ್ರಿನ್ಸಿಪಾಲರುಗಳು ಸಂಗೀತದ ಮೇಷ್ಟ್ರನ್ನು ಬಿಡಬೇಕಾಗಿ ಬಂದಾಗ ಓಟು ಹಾಕಿದ ಹಲವರೇ "ಹಣ ವಾಪಸ್ ಕೊಡಿ" ಎಂದು ಬೀದಿಗಿಳಿದರು. ಕೋರ್ಟಿಗೂ ಹೋಯಿತು, ಆ ವರ್ಷಕ್ಕೆ ಹಣ ಮರಳಲಿಲ್ಲ. ಜೂನ್‌ಗೆ ಮುಂಚೆಯೇ ನಿಮ್ಮ ಸದಸ್ಯರ ಆಫೀಸಿಗೆ ಹೋಗಿ "ನಮ್ಮ ಶಾಲೆಗೆ ಮುಂದಿನ ವರ್ಷ ಎಷ್ಟು?" ಅಂತ ಕೇಳಿ ಅನ್ನುವುದು ಇದಕ್ಕೇ.

ಸರಿಯಾಗಿ ಕೇಳಿ ಪಡೆದದ್ದಕ್ಕೆ ಲೈಬ್ರರಿ ನೋಡಿ. 2023ರ ನವೆಂಬರ್‌ನಲ್ಲಿ ವರ್ಷದ ನಡುವೆಯೇ ಬಂದ ಕಡಿತದಿಂದ ಭಾನುವಾರ ಲೈಬ್ರರಿಗಳು ಮುಚ್ಚಿದವು. ಅದೇ ಕಡಿತದಲ್ಲಿ ಪೊಲೀಸ್ ನೇಮಕಾತಿಯೂ ನಿಂತಿತ್ತು, ಆದರೆ ಜನವರಿಯಲ್ಲಿ ಹೊಸ ಪೊಲೀಸರ ಒಂದು ತಂಡಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿತು. ಲೈಬ್ರರಿ ಕಡೆಯವರು ಪೊಲೀಸರ ಮೇಲೆ ಹೋಗಲಿಲ್ಲ. "ಭಾನುವಾರ ಬಾಗಿಲು ತೆರೆಯಿರಿ" ಅಂತ ಅದೊಂದನ್ನೇ ಹಿಡಿದರು. ನಮ್ಮ ಕ್ವೀನ್ಸ್ ಲೈಬ್ರರಿಯಲ್ಲಿ ಅಜ್ಜಿಯರೂ ಪತ್ರ ಬರೆದರು, ಮಕ್ಕಳೂ ಬರೆದರು. 2024ರ ಜೂನ್ ಒಪ್ಪಂದದಲ್ಲಿ 58.3 ಮಿಲಿಯನ್ ಮರಳಿತು, ಭಾನುವಾರವೂ ಮರಳಿತು.

ಸಣ್ಣದರಿಂದ ಶುರು ಮಾಡುವವರಿಗೆ ಪಾರ್ಟಿಸಿಪೇಟರಿ ಬಜೆಟಿಂಗ್ ಇದೆ, ಇಲ್ಲಿ 2011ರಿಂದ. ಎಲ್ಲ ಸದಸ್ಯರೂ ಮಾಡುವುದಿಲ್ಲ. ಮಾಡುವ ಕಡೆ ತಮ್ಮ ಪಾಲಿನಲ್ಲಿ ಕನಿಷ್ಠ 1 ಮಿಲಿಯನ್ ಡಾಲರನ್ನು ಜನರ ಓಟಿಗೆ ಬಿಡುತ್ತಾರೆ. ಹನ್ನೊಂದು ವರ್ಷ ದಾಟಿದ ಮಕ್ಕಳೂ ಓಟು ಹಾಕಬಹುದು, ಪೌರತ್ವ ಕೇಳುವುದಿಲ್ಲ. ಆದರೆ ಅದು ಬಹುತೇಕ ಕಟ್ಟಡದ ದುಡ್ಡು. ಶಾಲೆಯ ಶೌಚಾಲಯ ರಿಪೇರಿಯಾಗುತ್ತದೆ, ಲ್ಯಾಪ್‌ಟಾಪ್ ಬರುತ್ತದೆ, ಟೀಚರ್ ಬರುವುದಿಲ್ಲ.

ಜೂನ್‌ನಲ್ಲಿ ಗೆದ್ದರೆ ಸಿಹಿ ಹಂಚಿ, ಆದರೆ ಕಾಗದ ಎತ್ತಿಡಬೇಡಿ. ಅಕ್ಟೋಬರ್ 31ಕ್ಕೆ ಮಕ್ಕಳ ತಲೆ ಎಣಿಕೆ ಆಗುತ್ತದೆ. ಕಡಿಮೆ ಬಂದರೆ ಶಾಲೆಯ ಹಣ ಮತ್ತೆ ಇಳಿಯಬಹುದು. ನವೆಂಬರ್‌ನಲ್ಲಿ ಮೇಯರ್ ಬಜೆಟ್ ತಿದ್ದುತ್ತಾರೆ, ಓವರ್‌ಟೈಮ್ ಎಷ್ಟು ದಾಟಿದೆ ಅನ್ನುವುದೂ ಹೆಚ್ಚುಕಡಿಮೆ ಆಗಲೇ ಗೊತ್ತಾಗುತ್ತದೆ. ಆ ವಾರ ನಿಮ್ಮ ಸಾಲು ಹಾಗೇ ಇದೆಯಾ ಅಂತ ಒಂದು ಸಲ ತೆಗೆದು ನೋಡಿ. ಇಲ್ಲದಿದ್ದರೆ ಸದಸ್ಯರ ಆಫೀಸಿಗೆ ಆವತ್ತೇ ಫೋನ್ ಮಾಡಿ, ಮಾರ್ಚ್‌ವರೆಗೆ ಕಾಯಬೇಡಿ.